ದಾರಿ, ದುಡಿಮೆ ಮತ್ತು ಶಾಲೆ: ಹೊಸಪೇಟೆ–ಸಂಡೂರು–ಕಂಪ್ಲಿ ಪರಿಸರದಲ್ಲಿ ಸಂಘರ್ಷಕಾಲದ ವಿದ್ಯಾಭ್ಯಾಸ

ತುಂಗಭದ್ರೆಯ ಬಲದಂಡೆಯ ಹೊಸಪೇಟೆ, ಹಂಪಿ, ಕಂಪ್ಲಿ ಹಾಗೂ ಅವುಗಳ ದಕ್ಷಿಣಕ್ಕಿರುವ ಸಂಡೂರು ಗುಡ್ಡಗಳ ಪರಿಸರವು ಕರ್ನಾಟಕದ ಇತಿಹಾಸದಲ್ಲಿ ಪದೇ ಪದೇ ಸಂಘರ್ಷದ ನೆಲವಾಗಿದೆ. 1327ರಲ್ಲಿ ಕಂಪಿಲ ರಾಜ್ಯವು ದೆಹಲಿಯ ಸೇನೆಗೆ ಸೋತದ್ದು, 1565ರ ಯುದ್ಧದ ನಂತರ ವಿಜಯನಗರ ಪಟ್ಟಣ ಹಾಳಾದದ್ದು, ಆ ಬಳಿಕ ಪಾಳೆಯಗಾರರು, ಮರಾಠರು, ಹೈದರಾಲಿ, ಟಿಪ್ಪು ಮತ್ತು ನಿಜಾಮರ ನಡುವೆ ಈ ಸೀಮೆ ಕೈಯಿಂದ ಕೈಗೆ ಬದಲಾದದ್ದು ಸುಪರಿಚಿತ ಸಂಗತಿಗಳು. ಈ ಘಟನೆಗಳಲ್ಲಿ ಅರಸರ, ಸೇನಾನಿಗಳ, ಕೋಟೆಗಳ ಸ್ಥಿತಿಗತಿಯನ್ನು ವಿದ್ವಾಂಸರು ವಿವರವಾಗಿ ದಾಖಲಿಸಿದ್ದಾರೆ. ಆದರೆ ಅದೇ ಕಾಲದಲ್ಲಿ ಇಲ್ಲಿನ ಮಕ್ಕಳ ಓದುಬರಹ ಏನಾಯಿತು ಎಂಬ ಪ್ರಶ್ನೆ ಇತಿಹಾಸ ರಚನೆಯ ಅಂಚಿನಲ್ಲೇ ಉಳಿದಿದೆ.

ಪ್ರಸ್ತುತ ಲೇಖನದಲ್ಲಿ ಈ ಪರಿಸರದ ಮೂರು ಸಂಕಷ್ಟಕಾಲಗಳನ್ನು ಶಾಲೆಯ ದೃಷ್ಟಿಯಿಂದ ಪರಿಶೀಲಿಸಲಾಗಿದೆ. ಮೊದಲನೆಯದು, ದೀರ್ಘಕಾಲದ ಯುದ್ಧಗಳು ಮುಗಿದು ಕಂಪನಿ ಸರ್ಕಾರ ನೆಲೆಗೊಂಡ 19ನೆಯ ಶತಮಾನದ ಆರಂಭ. ಎರಡನೆಯದು, ನದಿಯು ಎರಡು ಆಡಳಿತಗಳ ಗಡಿಯಾಗಿದ್ದು 1947–48ರಲ್ಲಿ ಕದನರೇಖೆಯಾಗಿ ಮಾರ್ಪಟ್ಟ ಕಾಲ. ಮೂರನೆಯದು, 2000ದ ನಂತರ ಕಬ್ಬಿಣದ ಅದಿರಿಗಾಗಿ ನಡೆದ ಪೈಪೋಟಿಯ ಕಾಲ. ಈ ಮೂರೂ ಕಾಲಗಳಲ್ಲಿ ಮಕ್ಕಳನ್ನು ಶಾಲೆಯಿಂದ ದೂರವಿಟ್ಟ ಕಾರಣಗಳು ಬಹುಮಟ್ಟಿಗೆ ಸಮಾನವಾಗಿವೆ. ಶಾಲಾ ಕಟ್ಟಡದ ಅಭಾವಕ್ಕಿಂತ ಹೆಚ್ಚಾಗಿ ಮನೆಯ ಬಡತನ ಮಗುವಿನ ಕೈಗಳನ್ನು ದುಡಿಮೆಗೆ ಎಳೆದದ್ದು, ಶಾಲೆಯ ದಾರಿ ಭಯದ ದಾರಿಯಾದದ್ದು ಮತ್ತು ಶಾಲೆಯ ಭಾಷೆ ಮನೆಯ ಭಾಷೆಯಾಗಿರದಿದ್ದುದು ಇಲ್ಲಿ ನಿರ್ಣಾಯಕವಾಗಿವೆ. ಈ ಮೂರನ್ನೂ ಒಟ್ಟಿಗೆ ಎದುರಿಸಿದಾಗ ಮಾತ್ರ ಶಾಲೆ ಸುರಕ್ಷಿತವೂ ಸುಲಭಗಮ್ಯವೂ ಆಗಿದೆ ಎಂಬುದು ಈ ಅಧ್ಯಯನದಿಂದ ವಿದಿತವಾಗುತ್ತದೆ.

ವಿದ್ಯಾದಾನ ಮತ್ತು ಅದರ ರಕ್ಷಣೆ

ಕನ್ನಡ ನಾಡಿನಲ್ಲಿ ವಿದ್ಯಾಸ್ಥಾನಗಳ ರಕ್ಷಣೆಯ ಚಿಂತನೆ ಹೊಸದಲ್ಲ. ಅಗ್ರಹಾರ, ಘಟಿಕಾಸ್ಥಾನ, ಮಠ ಹಾಗೂ ದೇವಾಲಯಗಳಿಗೆ ವಿದ್ಯಾದಾನಕ್ಕಾಗಿ ಬಿಟ್ಟ ದತ್ತಿಗಳನ್ನು ಶಾಸನಗಳು ದಾಖಲಿಸುತ್ತವೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಸಾಲೋಟಗಿ ಶಾಸನವು ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳು ನೆಲೆಸಿ ಓದುತ್ತಿದ್ದ ಶಾಲೆಗೆ ಭೂಮಿಯನ್ನು ಬಿಟ್ಟುದನ್ನು ತಿಳಿಸುತ್ತದೆ. ವಿದ್ಯಾರ್ಥಿಯ ವಸತಿಯನ್ನು ದತ್ತಿಯೊಳಗೆ ಸೇರಿಸಿದ್ದು ಇಲ್ಲಿ ಗಮನಾರ್ಹ. ದೂರದಿಂದ ಬರುವ ವಿದ್ಯಾರ್ಥಿಗೆ ತಂಗುವ ನೆಲೆಯಿಲ್ಲದಿದ್ದರೆ ಉಪಾಧ್ಯಾಯರಿದ್ದೂ ಫಲವಿಲ್ಲ ಎಂಬ ತಿಳಿವಳಿಕೆ ಆ ಕಾಲದಲ್ಲೇ ಇದ್ದಿತು.

ಇಂತಹ ದತ್ತಿಗಳ ಕೊನೆಯಲ್ಲಿ ಬರುವ ಶಾಪಾಶಯ ಭಾಗವೂ ವಿಚಾರಾರ್ಹವಾಗಿದೆ. ಧರ್ಮವನ್ನು ಅಳಿದವರಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಟ್ಟುವುದೆಂಬ ಎಚ್ಚರಿಕೆ ಕೇವಲ ವಾಡಿಕೆಯ ಮಾತಲ್ಲ. ಅರಸು ಬದಲಾದರೂ ಸೇನೆ ಹಾದುಹೋದರೂ ದತ್ತಿ ಉಳಿಯಲಿ ಎಂಬ ಆಶಯ ಅದರಲ್ಲಿದೆ. ಯುದ್ಧದ ನಡುವೆಯೂ ಕೆಲವು ಸ್ಥಳಗಳನ್ನು ಮುಟ್ಟಬಾರದೆಂಬ ಇಂದಿನ ಅಂತರರಾಷ್ಟ್ರೀಯ ಕಟ್ಟಳೆಯ ಹಿಂದಿರುವ ಭಾವನೆಯೂ ಇದಕ್ಕೆ ಹತ್ತಿರವಾದುದು. ಆದರೆ ಈ ರಕ್ಷಣೆಯ ವ್ಯಾಪ್ತಿ ಬಹಳ ಕಿರಿದಾಗಿತ್ತು ಎಂಬುದನ್ನೂ ಮರೆಯಲಾಗದು. ಉಳುವವನ, ಕುಶಲಕರ್ಮಿಯ, ಅಸ್ಪೃಶ್ಯನೆನಿಸಿದವನ ಮಗುವಿಗೂ ಹೆಣ್ಣುಮಕ್ಕಳಿಗೂ ಆ ದತ್ತಿಗಳ ನೆರಳು ಬಹುಮಟ್ಟಿಗೆ ದೊರೆಯಲಿಲ್ಲ.

1823ರ ವರದಿ: ಯುದ್ಧಾನಂತರದ ಬಳ್ಳಾರಿ ಜಿಲ್ಲೆ

1800ರಲ್ಲಿ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಬಿಟ್ಟುಕೊಟ್ಟ ಜಿಲ್ಲೆಗಳ ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು ಪಾಳೆಯಗಾರರನ್ನು ಅಡಗಿಸಿ ರೈತವಾರಿ ಪದ್ಧತಿಗೆ ತಳಹದಿ ಹಾಕಿದನು. ಮುಂದೆ ಮದ್ರಾಸಿನ ಗವರ್ನರನಾದ ಅವನೇ 1822ರಲ್ಲಿ ಪ್ರಾಂತ್ಯದ ಎಲ್ಲ ಕಲೆಕ್ಟರುಗಳಿಂದ ದೇಶೀಯ ಶಾಲೆಗಳ ವಿವರವನ್ನು ಕೇಳಿದನು. ಇದಕ್ಕೆ ಉತ್ತರವಾಗಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್ 17ರಂದು ಸಲ್ಲಿಸಿದ ವರದಿಯು ಆ ಕಾಲದ ಶಿಕ್ಷಣ ಸ್ಥಿತಿಯ ಬಗ್ಗೆ ದೊರೆಯುವ ಅತ್ಯಂತ ಮಹತ್ವದ ದಾಖಲೆಗಳಲ್ಲಿ ಒಂದಾಗಿದೆ. ಧರಂಪಾಲ್ ಅವರು 1983ರಲ್ಲಿ ಪ್ರಕಟಿಸಿದ ಸಂಕಲನದ ಮೂಲಕ ಇದು ವಿದ್ವಾಂಸರ ಗಮನಕ್ಕೆ ವ್ಯಾಪಕವಾಗಿ ಬಂದಿತು.

ಆಗಿನ ಬಳ್ಳಾರಿ ಜಿಲ್ಲೆ ಇಂದಿನ ಅನಂತಪುರದ ಭಾಗಗಳನ್ನೂ ಆದವಾನಿ, ಆಲೂರು, ರಾಯದುರ್ಗಗಳನ್ನೂ ಒಳಗೊಂಡ ವಿಶಾಲ ಪ್ರದೇಶವಾಗಿತ್ತು. ಜನಸಂಖ್ಯೆ 9,27,857. ಶಾಲೆಗಳ ಸಂಖ್ಯೆ 533. ಇವುಗಳಲ್ಲಿ ಕನ್ನಡ ಶಾಲೆಗಳು 235, ತೆಲುಗು 226, ಮರಾಠಿ 23, ಸಂಸ್ಕೃತ 23, ಪಾರಸಿ 21, ತಮಿಳು 4, ಇಂಗ್ಲಿಷ್ 1. ಒಟ್ಟು ವಿದ್ಯಾರ್ಥಿಗಳು 6,641. ಅವರಲ್ಲಿ ಹೆಣ್ಣುಮಕ್ಕಳು 60 ಮಾತ್ರ. ಅಂದರೆ ಸಾವಿರ ಜನರಿಗೆ ಏಳು ಮಕ್ಕಳು ಶಾಲೆಯಲ್ಲಿದ್ದರು. ಒಂದೊಂದು ಶಾಲೆಯಲ್ಲಿ ಸರಾಸರಿ ಹನ್ನೆರಡು ಹದಿಮೂರು ಮಕ್ಕಳಿದ್ದರು. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು, ಕಡತ ಮತ್ತು ಓಲೆಗಳ ಮೇಲೆ ಬರೆಯುವುದು, ಹಿರಿಯ ವಿದ್ಯಾರ್ಥಿ ಕಿರಿಯರಿಗೆ ಹೇಳಿಕೊಡುವುದು ಮೊದಲಾದ ಪದ್ಧತಿಗಳನ್ನು ವರದಿ ಮೆಚ್ಚುಗೆಯಿಂದ ವಿವರಿಸುತ್ತದೆ. ಮನೆಯ ಭಾಷೆಗಳಲ್ಲೇ ಶಾಲೆಗಳು ನಡೆಯುತ್ತಿದ್ದುದು ಆ ವ್ಯವಸ್ಥೆಯ ಬಲವಾಗಿತ್ತು ಎಂಬುದು ಮೇಲಿನ ಅಂಕಿಗಳಿಂದಲೇ ಸ್ಪಷ್ಟವಾಗುತ್ತದೆ.

ವರದಿಯ ನಿಜವಾದ ಮೌಲ್ಯವಿರುವುದು ಅದು ನೀಡುವ ಕಾರಣಗಳಲ್ಲಿ. ಹಿಂದೆ ಶಾಲೆಗಳಿದ್ದ ಅನೇಕ ಊರುಗಳಲ್ಲಿ ಈಗ ಶಾಲೆಯಿಲ್ಲ. ದೊಡ್ಡ ಶಾಲೆಗಳಿದ್ದ ಊರುಗಳಲ್ಲಿ ಉಳ್ಳವರ ಕೆಲವೇ ಮಕ್ಕಳು ಓದುತ್ತಿದ್ದಾರೆ ಎಂದು ಕ್ಯಾಂಪ್‌ಬೆಲ್ ದಾಖಲಿಸುತ್ತಾನೆ. ಇಂಗ್ಲೆಂಡಿನ ಬಟ್ಟೆಯ ಆಮದಿನಿಂದ ಸ್ಥಳೀಯ ನೇಯ್ಗೆ ಕುಸಿದದ್ದು, ಸೇನೆಗಳು ದೂರದ ಗಡಿಗಳಿಗೆ ತೆರಳಿ ಧಾನ್ಯದ ಬೇಡಿಕೆ ತಗ್ಗಿದ್ದು, ಸಂಪತ್ತು ನಾಡಿನಿಂದ ಹೊರಹೋದದ್ದು ಇವೆಲ್ಲ ಜನರನ್ನು ಬಡವರನ್ನಾಗಿಸಿವೆ ಎಂಬುದು ಅವನ ವಿಶ್ಲೇಷಣೆ. ಮಧ್ಯಮ ಹಾಗೂ ಕೆಳವರ್ಗದವರು ಓದಿಸುವ ವೆಚ್ಚವನ್ನು ಭರಿಸಲಾರದೆ, ಎಳೆಯ ಮಕ್ಕಳ ಕೈಕಾಲುಗಳು ಅಲ್ಪಸ್ವಲ್ಪ ಕೆಲಸಕ್ಕೆ ಬಂದೊಡನೆ ದುಡಿಮೆಗೆ ಹಚ್ಚುತ್ತಿದ್ದಾರೆ ಎಂಬ ಅವನ ಮಾತು ಈ ಪ್ರದೇಶದ ಮುಂದಿನ ಇತಿಹಾಸಕ್ಕೂ ಅನ್ವಯಿಸುವಂತಹುದು. ಜಿಲ್ಲೆಯ 533 ಸಂಸ್ಥೆಗಳಲ್ಲಿ ಒಂದಕ್ಕೂ ಆಗ ಪ್ರಭುತ್ವದ ನೆರವಿರಲಿಲ್ಲ ಎಂಬುದನ್ನೂ ಅವನು ಮರೆಮಾಚದೆ ಹೇಳಿದ್ದಾನೆ. ಯುದ್ಧ ನಿಂತು ಎರಡು ದಶಕಗಳಾಗಿದ್ದವು. ದಾರಿಗಳಲ್ಲಿ ದಂಡುಗಳ ಭಯ ತಗ್ಗಿತ್ತು. ಆದರೂ ಮಕ್ಕಳು ಶಾಲೆಗೆ ಮರಳಲಿಲ್ಲ. ಶಾಂತಿ ನೆಲೆಸಿದ ಮಾತ್ರಕ್ಕೆ ಶಾಲೆ ತೆರೆಯದು, ಮನೆಯ ಒಲೆ ಉರಿಯಬೇಕು ಎಂಬುದಕ್ಕೆ ಇದು ಸಾಕ್ಷಿಯಾಗಿದೆ.

ಗಡಿಯಾದ ನದಿ: 1918ರಿಂದ 1948

1800ರ ಒಪ್ಪಂದದಿಂದ ತುಂಗಭದ್ರೆಯು ರಾಜಕೀಯ ಗಡಿಯಾಯಿತು. ಬಲದಂಡೆಯ ಹೊಸಪೇಟೆ, ಹಂಪಿ, ಕಂಪ್ಲಿಗಳು ಮದ್ರಾಸ್ ಪ್ರಾಂತ್ಯಕ್ಕೂ ಎಡದಂಡೆಯ ಆನೆಗೊಂದಿ, ಗಂಗಾವತಿ, ಕೊಪ್ಪಳಗಳು ಹೈದರಾಬಾದ್ ಸಂಸ್ಥಾನಕ್ಕೂ ಸೇರಿದವು. ಸಂಡೂರು ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವಾಗಿ ಉಳಿಯಿತು. ಹೀಗೆ ಒಂದು ದಿನದ ನಡಿಗೆಯ ಅಂತರದಲ್ಲಿ ಮೂರು ಆಡಳಿತಗಳು, ಮೂರು ಬಗೆಯ ಶಿಕ್ಷಣ ವ್ಯವಸ್ಥೆಗಳು ಇದ್ದವು. ಹರಿಗೋಲಿನಲ್ಲಿ ಹೊಳೆ ದಾಟಿದರೆ ಶಾಲೆಯ ಭಾಷೆಯೇ ಬದಲಾಗುತ್ತಿತ್ತು.

ಹೈದರಾಬಾದ್ ಸಂಸ್ಥಾನದಲ್ಲಿ ಉರ್ದು ಆಡಳಿತ ಭಾಷೆಯಾಗಿದ್ದು, 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದು ಮಾಧ್ಯಮವನ್ನು ಉನ್ನತ ಶಿಕ್ಷಣಕ್ಕೂ ವಿಸ್ತರಿಸಿತು. ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣವನ್ನು ನೀಡಿದ ಆ ಪ್ರಯೋಗ ತನ್ನಷ್ಟಕ್ಕೆ ಮಹತ್ವದ್ದೇ. ಆದರೆ ರಾಯಚೂರು, ಗುಲ್ಬರ್ಗಾ, ಬೀದರ ಜಿಲ್ಲೆಗಳ ಕನ್ನಡ ಮನೆಗಳ ಮಕ್ಕಳಿಗೆ ಅದು ಪರಭಾಷೆಯ ಹೊಸ್ತಿಲಾಗಿತ್ತು. ಈ ಕೊರತೆಯನ್ನು ತುಂಬಲು 1907ರಲ್ಲಿ ಗುಲ್ಬರ್ಗಾದ ನೂತನ ವಿದ್ಯಾಲಯ, 1922ರಲ್ಲಿ ಕುಕನೂರಿನ ವಿದ್ಯಾನಂದ ಗುರುಕುಲ ಮೊದಲಾದ ಖಾಸಗಿ ಸಂಸ್ಥೆಗಳು ತಲೆಯೆತ್ತಿದವು. ಖಾಸಗಿ ಶಾಲೆಗಳಿಗೆ ಸರ್ಕಾರದ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಿದ 1920ರ ದಶಕದ ನಿಯಮಗಳು ಅವುಗಳ ಬೆಳವಣಿಗೆಗೆ ಅಡ್ಡಿಯಾದವು.

ಈ ಸಂದರ್ಭದಲ್ಲಿ ಪಂಡಿತ ತಾರಾನಾಥರ ಪ್ರಯತ್ನ ವಿಶೇಷ ಉಲ್ಲೇಖಕ್ಕೆ ಅರ್ಹವಾಗಿದೆ. ರಾಯಚೂರಿನಲ್ಲಿ ಅವರು ಕಟ್ಟಿದ ಹಮ್‌ದರ್ದ್ ಶಾಲೆಯ ಹೆಸರೇ ಪರಸ್ಪರ ಸಹಾನುಭೂತಿಯನ್ನು ಸೂಚಿಸುತ್ತದೆ. ಹಿಂದೂ ಮುಸ್ಲಿಂ ಮಕ್ಕಳು ಜೊತೆಗೂಡಿ ಓದುವುದು ಅದರ ಧ್ಯೇಯವಾಗಿತ್ತು. ಸಂಸ್ಥಾನದ ಆಡಳಿತದ ಅಸಮಾಧಾನಕ್ಕೆ ಗುರಿಯಾದ ತಾರಾನಾಥರು ಎಲ್ಲೆ ದಾಟಿ, ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ತುಂಗಭದ್ರಾ ಗ್ರಾಮದ ನದೀತೀರದಲ್ಲಿ ಪ್ರೇಮಾಯತನ ಆಶ್ರಮವನ್ನು ಸ್ಥಾಪಿಸಿದರು. ಒಂದು ಆಡಳಿತದಲ್ಲಿ ನೆಲೆ ಕಳೆದುಕೊಂಡ ಕಾರ್ಯ ನದಿಯ ಮತ್ತೊಂದು ದಡದಲ್ಲಿ ಆಶ್ರಯ ಪಡೆದ ಈ ಕ್ರಮ ಮುಂದೆಯೂ ಮರುಕಳಿಸಿತು. 1938ರಲ್ಲಿ ವಂದೇ ಮಾತರಂ ಹಾಡಿದ್ದಕ್ಕಾಗಿ ಉಸ್ಮಾನಿಯಾದಿಂದ ಹೊರಹಾಕಲ್ಪಟ್ಟ ವಿದ್ಯಾರ್ಥಿಗಳಲ್ಲಿ ಅನೇಕರು ಸಂಸ್ಥಾನದ ಹೊರಗಿನ ನಾಗಪುರ ವಿಶ್ವವಿದ್ಯಾಲಯದಲ್ಲಿ ಓದು ಮುಂದುವರಿಸಿದರು. ಸಂಸ್ಥಾನದ ವಿಮೋಚನಾ ಹೋರಾಟದ ನಾಯಕರಾದ ಸ್ವಾಮಿ ರಾಮಾನಂದ ತೀರ್ಥರು ಮೂಲತಃ ಶಾಲಾ ಶಿಕ್ಷಕರಾಗಿದ್ದರೆಂಬುದೂ ಆಕಸ್ಮಿಕವಲ್ಲ. ಆ ಕಾಲದ ರಾಜಕೀಯ ಜಾಗೃತಿಯ ಬಹುಭಾಗ ಶಾಲೆಗಳ ಅಂಗಳದಲ್ಲೇ ರೂಪುಗೊಂಡಿತು. ಈ ಕಾರಣದಿಂದಲೇ ಅವು ಸಂಶಯದ ದೃಷ್ಟಿಗೂ ಗುರಿಯಾದವು.

1947ರ ಆಗಸ್ಟ್ 15ರಂದು ಬಲದಂಡೆ ಸ್ವತಂತ್ರವಾಯಿತು; ಎಡದಂಡೆ ಆಗಲಿಲ್ಲ. ಒಕ್ಕೂಟ ಸೇರ್ಪಡೆಯ ಚಳವಳಿಯಲ್ಲಿ ಸಂಸ್ಥಾನದ ವಿದ್ಯಾರ್ಥಿಗಳು ತರಗತಿಗಳನ್ನು ತೊರೆದರು. ನವೆಂಬರ್ 29ರ ಯಥಾಸ್ಥಿತಿ ಒಪ್ಪಂದದ ನಂತರವೂ ಖಾಸಿಂ ರಜ್ವಿಯ ನೇತೃತ್ವದ ರಜಾಕಾರರ ಹಾವಳಿ ಹೆಚ್ಚುತ್ತಾ ಹೋಗಿ, ಹಳ್ಳಿಗಳ ಕುಟುಂಬಗಳು ಗಡಿ ದಾಟಿ ನೆರೆಯ ಪ್ರಾಂತ್ಯಗಳಿಗೆ ಬಂದವು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು ಮುನ್ನಡೆಸಿದ ಶಿಬಿರಗಳು ಇತಿಹಾಸಪ್ರಸಿದ್ಧವಾಗಿವೆ. ಶಿಬಿರಗಳ ಚರಿತ್ರೆಯನ್ನು ಇದುವರೆಗೆ ಪ್ರಧಾನವಾಗಿ ಹೋರಾಟದ ಚರಿತ್ರೆಯಾಗಿ ಬರೆಯಲಾಗಿದೆ. ಹೋರಾಟಗಾರರ ಹಿಂದೆ ಗಂಟುಮೂಟೆಯೊಡನೆ ನದಿ ದಾಟಿದ ಮನೆಗಳಿದ್ದವು, ಆ ಮನೆಗಳಲ್ಲಿ ಶಾಲಾ ವಯಸ್ಸಿನ ಮಕ್ಕಳಿದ್ದರು ಎಂಬ ಅಂಶಕ್ಕೂ ಇನ್ನು ಮುಂದೆ ಸ್ಥಾನ ದೊರೆಯಬೇಕಾಗಿದೆ.

ವಿಚಿತ್ರವೆಂದರೆ, ಇದೇ ಕಾಲದಲ್ಲಿ ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟಿನ ಕಾರ್ಯವನ್ನು ಎರಡೂ ಸರ್ಕಾರಗಳು ಕೈಗೊಂಡಿದ್ದವು. 1945ರ ಫೆಬ್ರವರಿ 28ರಂದು ಎರಡು ದಡಗಳಲ್ಲೂ ಶಂಕುಸ್ಥಾಪನೆ ನೆರವೇರಿತ್ತು. ಮೂರೂವರೆ ವರ್ಷಗಳ ನಂತರ, 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆದ ಪೊಲೀಸ್ ಕಾರ್ಯಾಚರಣೆಯಲ್ಲಿ ಹೊಸಪೇಟೆಯ ಭಾಗವೂ ಸೇನೆಯ ಚಲನೆಗೆ ನೆಲೆಯಾಯಿತು. ಸಂಸ್ಥಾನ ಒಕ್ಕೂಟದಲ್ಲಿ ಸೇರಿತು; 1949ರಲ್ಲಿ ಸಂಡೂರು ಬಳ್ಳಾರಿ ಜಿಲ್ಲೆಯಲ್ಲಿ ವಿಲೀನವಾಯಿತು.

ಕಾರ್ಯಾಚರಣೆಯ ನಂತರದ ದಿನಗಳನ್ನೂ ನಿಷ್ಪಕ್ಷಪಾತವಾಗಿ ನೋಡುವುದು ಇತಿಹಾಸಕಾರನ ಹೊಣೆ. ಪಂಡಿತ ಸುಂದರಲಾಲ್ ಸಮಿತಿಯ ವರದಿ ದಶಕಗಳ ಕಾಲ ಅಪ್ರಕಟಿತವಾಗಿ ಉಳಿದಿತ್ತು. ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ, ನಾಂದೇಡ ಜಿಲ್ಲೆಗಳಲ್ಲಿ ಮುಸ್ಲಿಂ ಕುಟುಂಬಗಳು ಅನುಭವಿಸಿದ ಪ್ರಾಣಹಾನಿಯನ್ನು ಅದು ದಾಖಲಿಸಿದೆ. ಮೊದಲು ಒಂದು ಸಮುದಾಯದ ಮಕ್ಕಳ ದಾರಿ ಮುಚ್ಚಿತು, ಬಳಿಕ ಮತ್ತೊಂದು ಸಮುದಾಯದ ಮಕ್ಕಳ ದಾರಿ ಮುಚ್ಚಿತು. ಶಾಲೆಯಲ್ಲಿ ಉರ್ದುವಿನ ಸ್ಥಾನವನ್ನು ಕನ್ನಡ ಪಡೆದಾಗ ಬಹುಸಂಖ್ಯೆಯ ಮಕ್ಕಳಿಗೆ ಮನೆಮಾತಿನ ಬಾಗಿಲು ತೆರೆಯಿತು. ಅದುವರೆಗೆ ಉರ್ದುವಿನಲ್ಲೇ ಓದಿದ್ದ ಮಕ್ಕಳು ಮಾತ್ರ ಅದೇ ಬದಲಾವಣೆಯ ಭಾರವನ್ನು ಹೊತ್ತರು. ಭಾಷಾ ಮಾಧ್ಯಮದ ತೀರ್ಮಾನಗಳು ಸಂಘರ್ಷದ ಬೆನ್ನಲ್ಲೇ ಬಂದಾಗ, ಬದಲಾವಣೆಯ ಕಾಲದ ಮಕ್ಕಳಿಗೆ ಪ್ರತ್ಯೇಕ ವ್ಯವಸ್ಥೆ ಬೇಕಾಗುತ್ತದೆ ಎಂಬುದು ಇಲ್ಲಿಂದ ದೊರೆಯುವ ಪಾಠ.

ಕೆಂಪು ಧೂಳಿನ ದಶಕ: 2000ದಿಂದ 2011

ಸಂಡೂರು ಗುಡ್ಡಗಳ ಅದಿರು ಪ್ರಾಚೀನ ಕಾಲದಿಂದಲೂ ಪರಿಚಿತ. ಸ್ವಾತಂತ್ರ್ಯಾನಂತರ 1954ರಲ್ಲಿ ಸಂಡೂರು ಮ್ಯಾಂಗನೀಸ್ ಮತ್ತು ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾಯಿತು. 1970ರ ದಶಕದಲ್ಲಿ ದೋಣಿಮಲೈಯಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ಗಣಿ ಆರಂಭವಾಯಿತು. ಈ ಹಂತದ ಗಣಿಗಾರಿಕೆ ನಿರ್ದಿಷ್ಟ ಸೀಮೆಯೊಳಗಿತ್ತು. 2000ದ ನಂತರ ಚೀನಾದ ಉಕ್ಕು ಉದ್ಯಮದ ಬೇಡಿಕೆಯಿಂದ ಅದಿರಿನ ಬೆಲೆ ಏರತೊಡಗಿತು. 2003ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರವು ಮೀಸಲು ಪ್ರದೇಶಗಳನ್ನು ಖಾಸಗಿಯವರಿಗೆ ತೆರೆಯಿತು. ಗುಡ್ಡಗಳ ಗುತ್ತಿಗೆ ಗಣಿಗಳಲ್ಲದೆ ರೈತರ ಪಟ್ಟಾ ಹೊಲಗಳಲ್ಲೂ ಮೇಲ್ಮಣ್ಣಿನಲ್ಲಿ ಸಿಗುವ ಅದಿರಿನ ಗಟ್ಟಿಗಳಿಗಾಗಿ ಅಗೆತ ನಡೆಯಿತು.

ಈ ಪಟ್ಟಾ ಹೊಲಗಳ ಕೆಲಸಕ್ಕೆ ದೊಡ್ಡ ಯಂತ್ರಗಳು ಬೇಕಿರಲಿಲ್ಲ. ಸುತ್ತಿಗೆ, ಪುಟ್ಟಿ, ಜರಡಿಗಳು ಸಾಕಾಗಿದ್ದವು. ಕುಟುಂಬವೇ ಕೂಲಿಯ ಘಟಕವಾಯಿತು. ಎಷ್ಟು ಅದಿರು ಒಡೆದು ಜರಡಿ ಹಿಡಿದರೆ ಅಷ್ಟು ಕೂಲಿ ಎಂಬ ಲೆಕ್ಕದಲ್ಲಿ ಮಗುವಿನ ಕೈಗೂ ಬೆಲೆ ಬಂತು. ಮಳೆಯಾಶ್ರಿತ ಬೇಸಾಯದಿಂದ ಸೋತ ಸುತ್ತಲಿನ ಹಳ್ಳಿಗಳವರೂ ಹೊರ ಜಿಲ್ಲೆಗಳವರೂ ಗಣಿಯಂಚಿನಲ್ಲಿ ಪ್ಲಾಸ್ಟಿಕ್ ಹೊದಿಕೆಯ ಗುಡಾರಗಳಲ್ಲಿ ನೆಲೆಸಿದರು. 2005ರಲ್ಲಿ ಗಣಿಪೀಡಿತರ ಪರ ಸಂಘಟನೆಗಳ ಸತ್ಯಶೋಧನಾ ತಂಡವು ಬಳ್ಳಾರಿ ಜಿಲ್ಲೆಯ ಕಬ್ಬಿಣ ಅದಿರು ಮತ್ತು ಗ್ರಾನೈಟ್ ಗಣಿಗಳಲ್ಲಿನ ಬಾಲಕಾರ್ಮಿಕರ ಸ್ಥಿತಿಯನ್ನು ಕುರಿತು ವರದಿ ಪ್ರಕಟಿಸಿತು. 2010ರಲ್ಲಿ ದೆಹಲಿಯ ಹಕ್ ಮಕ್ಕಳ ಹಕ್ಕು ಕೇಂದ್ರದ ರಾಷ್ಟ್ರೀಯ ಅಧ್ಯಯನವೂ ಈ ಭಾಗವನ್ನು ಒಳಗೊಂಡಿತ್ತು. 1823ರಲ್ಲಿ ಕ್ಯಾಂಪ್‌ಬೆಲ್ ಗುರುತಿಸಿದ ಕಾರಣವೇ ಅದೇ ಜಿಲ್ಲೆಯಲ್ಲಿ ಹೊಸ ವೇಷದಲ್ಲಿ ಮರಳಿತ್ತು. ವ್ಯತ್ಯಾಸವಿಷ್ಟೇ: ಆಗ ಸಂಪತ್ತು ಹೋದದ್ದರಿಂದ ಮಕ್ಕಳು ಶಾಲೆ ಬಿಟ್ಟರು, ಈಗ ಸಂಪತ್ತು ಉಕ್ಕುತ್ತಿರುವಾಗಲೇ ಬಿಟ್ಟರು.

ಕಾನೂನಿನ ಕೊರತೆ ಇರಲಿಲ್ಲ. 1952ರ ಗಣಿ ಕಾಯ್ದೆಯು 1983ರ ತಿದ್ದುಪಡಿಯ ನಂತರ 18 ವರ್ಷದೊಳಗಿನವರ ದುಡಿಮೆಯನ್ನು ಗಣಿಯಲ್ಲಿ ನಿಷೇಧಿಸಿತ್ತು. 1986ರ ಬಾಲಕಾರ್ಮಿಕ ಕಾಯ್ದೆ ಜಾರಿಯಲ್ಲಿತ್ತು. 2002ರ 86ನೆಯ ತಿದ್ದುಪಡಿಯಿಂದ ಶಿಕ್ಷಣವು ಮೂಲಭೂತ ಹಕ್ಕಾಗಿತ್ತು. ಆದರೆ ಪಟ್ಟಾ ಹೊಲದ ಅಗೆತವೇ ಬಹುಪಾಲು ಅನುಮತಿಯ ಹೊರಗಿದ್ದಾಗ, ಅನುಮತಿ ಪಡೆದ ಗಣಿಗೆ ಅನ್ವಯಿಸುವ ತಪಾಸಣೆ ಅಲ್ಲಿಗೆ ತಲುಪುವುದು ಹೇಗೆ? ಅಕ್ರಮದ ಆರ್ಥಿಕತೆಯು ಮೊದಲು ಕಾನೂನಿನ ಕಣ್ಣಿನಿಂದ ಹೊಲವನ್ನು ಮರೆಮಾಡಿತು. ಹೊಲದೊಡನೆ ಮಗುವೂ ಮರೆಯಾಯಿತು.

ದಾರಿಯ ಸಮಸ್ಯೆ ಇನ್ನೊಂದು ಬಗೆಯದು. ಸಂಡೂರು–ಹೊಸಪೇಟೆ ಮಾರ್ಗವಾಗಿ ಬೇಲೇಕೇರಿ, ಮಂಗಳೂರು, ಚೆನ್ನೈ, ಕೃಷ್ಣಪಟ್ಟಣ ಬಂದರುಗಳತ್ತ ಅದಿರಿನ ಲಾರಿಗಳು ಹಗಲಿರುಳೂ ಸಾಲುಗಟ್ಟಿದವು. ಪಾಪಿನಾಯಕನಹಳ್ಳಿ, ಕಾರಿಗನೂರು, ವ್ಯಾಸನಕೆರೆ ಮೊದಲಾದ ಊರುಗಳು ಲಾರಿ ಮತ್ತು ರೈಲು ಸಾಗಣೆಯ ನಡುವೆ ಸಿಲುಕಿದವು. ಮನೆ, ಮರ, ಬೆಳೆ, ಪಾಟಿಚೀಲಗಳ ಮೇಲೆಲ್ಲ ಕೆಂಪು ಧೂಳು ಕುಳಿತಿತು. ರಾಜ್ಯ ಸರ್ಕಾರವು 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ವಿತರಿಸುವ ಯೋಜನೆಯನ್ನು ಆರಂಭಿಸಿತು. ರಾಜ್ಯದ ಇತರೆಡೆ ಹೆಣ್ಣುಮಕ್ಕಳ ಶಿಕ್ಷಣಕ್ಕೆ ರೆಕ್ಕೆ ಮೂಡಿಸಿದ ಈ ಸೈಕಲ್ಲನ್ನು ಅದಿರಿನ ಲಾರಿಗಳ ರಸ್ತೆಗೆ ಇಳಿಸುವಾಗ ತಂದೆತಾಯಿಗಳು ಹಿಂಜರಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಭಾಷೆಯ ಅಂಶವೂ ಗಮನಾರ್ಹವಾಗಿದೆ. ಸಂಡೂರು ಸೀಮೆಯ ತಾಂಡಾಗಳ ಲಂಬಾಣಿ ಮಕ್ಕಳ ಮನೆಮಾತಿಗೆ ಸ್ವಂತ ಲಿಪಿಯಿಲ್ಲ. ಶಾಲೆಯ ಕನ್ನಡ ಅವರಿಗೆ ಎರಡನೆಯ ಭಾಷೆ. ನಿಜಾಮರ ಕಾಲದಲ್ಲಿ ಕನ್ನಡದ ಮಗು ಉರ್ದು ಶಾಲೆಯ ಹೊಸ್ತಿಲಲ್ಲಿ ಅನುಭವಿಸಿದ ಅಪರಿಚಿತತೆಯನ್ನು ತಾಂಡಾದ ಮಗು ಕನ್ನಡ ಶಾಲೆಯ ಹೊಸ್ತಿಲಲ್ಲಿ ಅನುಭವಿಸುತ್ತದೆ. ಕನ್ನಡದ ಪರವಾಗಿ ಅಂದು ಹೂಡಿದ ವಾದವು ನ್ಯಾಯಯುತವಾಗಿದ್ದರೆ, ಇಂದು ಅದೇ ವಾದ ಲಂಬಾಣಿ ಮಗುವಿನ ಪರವಾಗಿಯೂ ನಿಲ್ಲಬೇಕಾಗುತ್ತದೆ.

ಮರಳಿ ಶಾಲೆಗೆ: ಪ್ರಯತ್ನಗಳು

ಇದೇ ದಶಕದಲ್ಲಿ ಮಕ್ಕಳನ್ನು ಶಾಲೆಗೆ ಕರೆತರುವ ಗಣನೀಯ ಪ್ರಯತ್ನಗಳೂ ನಡೆದವು. 2002ರಲ್ಲಿ ಬಳ್ಳಾರಿಯನ್ನೂ ಒಳಗೊಂಡ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಯೋಜನೆ ಮೊದಲಿಗೆ ಜಾರಿಗೆ ಬಂದಿತು. ದುಡಿಯುವ ಮಗುವಿನ ಮನೆಗೆ ಮಧ್ಯಾಹ್ನದ ಒಂದು ಬಿಸಿಯೂಟವೆಂದರೆ ಕಳೆದುಕೊಂಡ ಕೂಲಿಯ ಒಂದು ಭಾಗ ಮರಳಿ ಬಂದಂತೆ. ಶಾಲೆ ಬಿಟ್ಟ ಮಕ್ಕಳಿಗಾಗಿ ಚಿಣ್ಣರ ಅಂಗಳದ ಸೇತುಬಂಧ ತರಗತಿಗಳು, ವಲಸಿಗರ ಮಕ್ಕಳಿಗಾಗಿ ಟೆಂಟ್ ಶಾಲೆಗಳು, 2004ರ ನಂತರ ಹಿಂದುಳಿದ ತಾಲ್ಲೂಕುಗಳ ಬಾಲಕಿಯರಿಗಾಗಿ ಕಸ್ತೂರಬಾ ಗಾಂಧಿ ಬಾಲಿಕಾ ವಸತಿ ಶಾಲೆಗಳು ರೂಪುಗೊಂಡವು. ಹೊಸಪೇಟೆಯ ಸಖಿ ಟ್ರಸ್ಟ್‌ನಂತಹ ಸ್ಥಳೀಯ ಸಂಸ್ಥೆಗಳು ಗಣಿಬಾಧಿತ ಹಾಗೂ ದೇವದಾಸಿ ಕುಟುಂಬಗಳ ಹೆಣ್ಣುಮಕ್ಕಳ ಓದಿಗೆ ಒತ್ತಾಸೆಯಾದವು.

ಇವುಗಳಲ್ಲಿ ವಸತಿ ವ್ಯವಸ್ಥೆಯ ಮಹತ್ವವನ್ನು ಪ್ರತ್ಯೇಕವಾಗಿ ಗುರುತಿಸಬೇಕಾಗಿದೆ. ವಸತಿ ಶಾಲೆಯು ಅಪಾಯದ ದಾರಿಯನ್ನು ದಿನವೂ ಎರಡು ಬಾರಿ ತುಳಿಯುವ ಅಗತ್ಯವನ್ನು ತಪ್ಪಿಸುತ್ತದೆ. ಊಟದ ಹೊಣೆಯನ್ನು ಹೊರುತ್ತದೆ. ಕುಟುಂಬ ಕೂಲಿಯನ್ನರಸಿ ಸ್ಥಳ ಬದಲಿಸಿದರೂ ಮಗುವಿನ ಹೆಸರು ಹಾಜರಿ ಪುಸ್ತಕದಿಂದ ಅಳಿಯದು. ಸಾಲೋಟಗಿಯ ದತ್ತಿಯಲ್ಲಿ ಅಡಗಿದ್ದ ತಿಳಿವಳಿಕೆಯೂ ಇದೇ. ಆದರೆ ಎಳೆಯ ಮಕ್ಕಳನ್ನು ತಾಯ್ತಂದೆಯರಿಂದ ಅಗಲಿಸುವ ಈ ಮಾರ್ಗವು ಊರಿನ ಶಾಲೆಗೆ ಪರ್ಯಾಯವಾಗಲಾರದು.

2011ರ ಜುಲೈ 29

ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರು 2008ರ ಡಿಸೆಂಬರ್ ಮತ್ತು 2011ರ ಜುಲೈನಲ್ಲಿ ಸಲ್ಲಿಸಿದ ವರದಿಗಳು ಅಕ್ರಮ ಗಣಿಗಾರಿಕೆಯ ಸ್ವರೂಪವನ್ನು ಬಯಲಿಗೆ ತಂದವು. ಸಮಾಜ ಪರಿವರ್ತನ ಸಮುದಾಯವು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. ಲಾರಿಗಳ ಸಾಲು ನಿಂತಿತು, ಧೂಳು ಇಳಿಯಿತು. ಅದರೊಂದಿಗೆ ಕೂಲಿಯೂ ನಿಂತಿತು. ದಾರಿ ಸುರಕ್ಷಿತವಾದ ದಿನವೇ ಅನೇಕ ಮನೆಗಳ ಒಲೆ ಅಸ್ಥಿರವಾಯಿತು.

ಅದೇ ದಿನ ಹಂಪಿಯಲ್ಲಿ ವಿರೂಪಾಕ್ಷ ದೇವಾಲಯದ ಮುಂದಿನ ಬಜಾರಿನ ಸಾಲುಮಂಟಪಗಳಲ್ಲಿ ನೆಲೆಸಿದ್ದ ಕುಟುಂಬಗಳನ್ನು ಸ್ಮಾರಕ ರಕ್ಷಣೆಯ ಕಾರಣದಿಂದ ತೆರವುಗೊಳಿಸಲಾಯಿತು. ಮುಂದೆ ಕಡ್ಡಿರಾಂಪುರದ ಬಳಿ ಅವರಿಗೆ ನಿವೇಶನಗಳ ವ್ಯವಸ್ಥೆಯಾಯಿತು. ಎರಡೂ ಕ್ರಮಗಳ ಉದ್ದೇಶ ಸಾರ್ವಜನಿಕ ಹಿತವೇ ಆಗಿತ್ತು. ಒಂದು ನಿಸರ್ಗ ಸಂಪತ್ತಿನ, ಮತ್ತೊಂದು ಪರಂಪರೆಯ ರಕ್ಷಣೆ. ಆದರೆ ಶೈಕ್ಷಣಿಕ ವರ್ಷದ ಆರಂಭದ ತಿಂಗಳುಗಳಲ್ಲಿ ಮನೆ ಅಥವಾ ಮನೆಯ ಆದಾಯ ಕದಲಿದಾಗ ಮಗುವಿನ ಶಾಲೆ ಏನಾಗಬೇಕೆಂಬ ಪ್ರಶ್ನೆ ಇಂತಹ ತೀರ್ಮಾನಗಳಲ್ಲಿ ಮೊದಲಿಗೆ ಬರುವುದಿಲ್ಲ. ಆನೆಗೊಂದಿ ಸೇತುವೆಯ ವಿವಾದವೂ ಇದಕ್ಕೆ ಪೂರಕ ನಿದರ್ಶನ. ಸೇತುವೆಗಳ ನಿರ್ಮಾಣದಿಂದಾಗಿ ಹಂಪಿಯು 1999ರಿಂದ 2006ರವರೆಗೆ ಯುನೆಸ್ಕೋದ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. ಆ ಸೇತುವೆ 2009ರಲ್ಲಿ ಕಾಮಗಾರಿಯ ವೇಳೆಯೇ ಕುಸಿಯಿತು. ಇತ್ತ ಕಂಪ್ಲಿ–ಗಂಗಾವತಿ ಸೇತುವೆಯು ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಮುಳುಗುವುದು ಎರಡೂ ದಡದ ಜನರಿಗೆ ಪರಿಚಿತ ಅನುಭವ. ರಾಜಕೀಯ ಗಡಿ ಅಳಿದ ಮೇಲೂ ನದಿಯು ಶಾಲೆಯ ದಾರಿಗೆ ಅಡ್ಡವಾಗುವುದು ಪೂರ್ತಿ ನಿಂತಿಲ್ಲ.

ಸುರಕ್ಷಿತ ಶಾಲೆಯ ಪರಿಕಲ್ಪನೆ

ಜಗತ್ತಿನ ಇತರೆಡೆ ಶಾಲೆಗಳು ನೇರವಾಗಿ ಶಸ್ತ್ರಾಸ್ತ್ರಗಳ ದಾಳಿಗೆ ಗುರಿಯಾಗಿವೆ. ಇದನ್ನು ತಡೆಯಲು 2015ರ ಮೇ ತಿಂಗಳಲ್ಲಿ ನಾರ್ವೆಯ ಓಸ್ಲೋದಲ್ಲಿ ಸುರಕ್ಷಿತ ಶಾಲೆಗಳ ಘೋಷಣೆ ಹೊರಬಿದ್ದಿತು. 2020ರಿಂದ ಸೆಪ್ಟೆಂಬರ್ 9ನ್ನು ಶಿಕ್ಷಣವನ್ನು ದಾಳಿಯಿಂದ ರಕ್ಷಿಸುವ ದಿನವನ್ನಾಗಿ ವಿಶ್ವಸಂಸ್ಥೆ ಆಚರಿಸುತ್ತಿದೆ. ಭಾರತದಲ್ಲಿ ಈ ಪರಿಕಲ್ಪನೆ ನ್ಯಾಯಾಲಯದ ಮೂಲಕ ಬೇರೊಂದು ದಾರಿಯಲ್ಲಿ ಬೆಳೆಯಿತು. 2004ರ ಜುಲೈ 16ರಂದು ಕುಂಭಕೋಣದ ಶಾಲೆಯೊಂದರ ಬೆಂಕಿಯಲ್ಲಿ 94 ಮಕ್ಕಳು ಮೃತಪಟ್ಟರು. ಆ ಹಿನ್ನೆಲೆಯ ಅವಿನಾಶ್ ಮೆಹರೋತ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ, ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಸೇರಿದೆ ಎಂದು ತೀರ್ಪಿತ್ತಿತು.

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯಡಿಯ ಕೇಂದ್ರ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದಿಟ್ಟಿವೆ. ಐದನೆಯ ತರಗತಿಯವರೆಗೆ ಒಂದು ಕಿಲೋಮೀಟರ್, ಎಂಟನೆಯ ತರಗತಿಯವರೆಗೆ ಮೂರು ಕಿಲೋಮೀಟರ್ ನಡಿಗೆಯ ದೂರದಲ್ಲಿ ಶಾಲೆಯಿರಬೇಕೆಂಬುದು ಸಾಮಾನ್ಯ ನಿಯಮ. ದುರ್ಗಮ ನೆಲ, ಪ್ರವಾಹ, ರಸ್ತೆಯ ಅಭಾವ ಅಥವಾ ಎಳೆಯ ಮಕ್ಕಳಿಗೆ ದಾರಿಯಲ್ಲಿ ಅಪಾಯವಿರುವೆಡೆ ಈ ದೂರವನ್ನು ಇಳಿಸಿ, ಅಪಾಯ ತಪ್ಪುವಂತೆ ಶಾಲೆಯನ್ನು ನೆಲೆಗೊಳಿಸಬೇಕೆಂದು ಅದೇ ನಿಯಮ ಹೇಳುತ್ತದೆ. ಅಂದರೆ ದೂರವನ್ನು ನಕ್ಷೆಯ ಮೇಲೆ ಅಳೆಯದೆ ಮಗುವಿನ ಹೆಜ್ಜೆಯಿಂದ ಅಳೆಯಬೇಕೆಂಬ ತತ್ತ್ವವನ್ನು ಕಾನೂನು ಒಪ್ಪಿಕೊಂಡಿದೆ. ಅದಿರಿನ ಲಾರಿಗಳ ಹೆದ್ದಾರಿಯನ್ನು ದಾಟಬೇಕಾದ ಅರ್ಧ ಕಿಲೋಮೀಟರ್, ಹೊಲದ ನಡುವಿನ ಎರಡು ಕಿಲೋಮೀಟರಿಗಿಂತ ದೂರವಾದೀತು. ಬಳ್ಳಾರಿ ಸೀಮೆಗೆ ಅತ್ಯಂತ ಪ್ರಸ್ತುತವಾದ ಈ ನಿಯಮವು ಅದರ ಶಾಲಾ ಯೋಜನೆಗಳ ಕೇಂದ್ರದಲ್ಲಿರಬೇಕಾದುದು.

ಸಂಪನ್ಮೂಲದ ಕೊರತೆಯೂ ಈಗ ಮೊದಲಿನಂತಿಲ್ಲ. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಗಣಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿ, ತೀವ್ರ ಉಲ್ಲಂಘನೆಯ ಗುತ್ತಿಗೆಗಳನ್ನು ರದ್ದುಪಡಿಸಿತು; ಉಳಿದವುಗಳಿಂದ ಸಂಗ್ರಹವಾಗುವ ಹಣವನ್ನು ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಮೀಸಲಿಟ್ಟಿತು. ಇದಕ್ಕಾಗಿ 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ರೂಪುಗೊಂಡಿತು. 2022ರಲ್ಲಿ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿಯವರನ್ನು ಮೇಲುಸ್ತುವಾರಿಗೆ ನೇಮಿಸಲಾಯಿತು. 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನವು ಶಿಕ್ಷಣವನ್ನು ಆದ್ಯತಾ ಕ್ಷೇತ್ರವೆಂದು ಪರಿಗಣಿಸುತ್ತದೆ. ಸಂವಿಧಾನದ 371ಜೆ ವಿಧಿ ನದಿಯ ಎರಡೂ ದಡಗಳ ಜಿಲ್ಲೆಗಳನ್ನು ಒಳಗೊಂಡಿದೆ. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗುಳ್ಳ ವಿಜಯನಗರ ಜಿಲ್ಲೆ ರಚನೆಯಾಗಿ, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದರೂ ಈ ವಿಧಿಯ ನೆರಳು ಇಬ್ಬರಿಗೂ ಸಮಾನ. 1823ರಲ್ಲಿ ಒಂದು ಶಾಲೆಗೂ ಪ್ರಭುತ್ವದ ನೆರವಿಲ್ಲದ ಜಿಲ್ಲೆಗೆ ಇಂದು ಸಾವಿರಾರು ಕೋಟಿ ರೂಪಾಯಿಗಳ ನಿಧಿಯಿದೆ. ಅದು ಕಟ್ಟಡಗಳಲ್ಲೇ ಮುಗಿದರೆ ಹಿಂದಿನ ಮೂರು ಅನುಭವಗಳಿಂದ ಏನನ್ನೂ ಕಲಿತಂತಾಗದು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಈ ಪರಿಸರದಲ್ಲಿ ಸಂಘರ್ಷವು ಶಾಲೆಯನ್ನು ಮುಚ್ಚಿದ್ದು ಹೆಚ್ಚಾಗಿ ಪರೋಕ್ಷವಾಗಿ. ಮನೆಯ ದುಡಿಮೆ, ದಾರಿ ಮತ್ತು ಭಾಷೆಯ ಮೂಲಕ. ಎರಡನೆಯದಾಗಿ, ಸಂಘರ್ಷ ಕೊನೆಗೊಂಡ ದಿನವೇ ಮಕ್ಕಳು ಮರಳುವುದಿಲ್ಲ. 1823ರಲ್ಲಿಯೂ 1948ರಲ್ಲಿಯೂ 2011ರಲ್ಲಿಯೂ ನಂತರದ ವರ್ಷಗಳೇ ಹೆಚ್ಚು ನಿರ್ಣಾಯಕವಾಗಿದ್ದವು. ಮೂರನೆಯದಾಗಿ, ಊಟ, ವಸತಿ, ಮನೆಮಾತು ಮತ್ತು ನಿರ್ಭಯದ ದಾರಿ ಇವು ಶಾಲೆಯ ಹೊರಗಿನ ಸಂಗತಿಗಳೆಂದು ಎಣಿಸಿದ ಯೋಜನೆಗಳು ಇಲ್ಲಿ ಬಹುಕಾಲ ಫಲ ಕೊಡಲಾರವು.

ಇತಿಹಾಸ ಸಂಶೋಧನೆಯ ದೃಷ್ಟಿಯಿಂದ ಇನ್ನೊಂದು ಕರ್ತವ್ಯವೂ ಇದೆ. ಗಣಿಗಾರಿಕೆಯ ದಶಕದಲ್ಲಿ ಎಷ್ಟು ಟನ್ ಅದಿರು ಯಾವ ಪರವಾನಗಿಯಲ್ಲಿ ಯಾವ ಬಂದರಿಗೆ ಹೋಯಿತೆಂಬ ಲೆಕ್ಕ ನ್ಯಾಯಾಲಯದ ಕಡತಗಳಲ್ಲಿ ಭದ್ರವಾಗಿದೆ. ಅದೇ ವರ್ಷಗಳಲ್ಲಿ ಯಾವ ತಾಂಡಾದ, ಯಾವ ಗುಡಾರದ ಮಗು ಯಾವ ತಿಂಗಳು ತರಗತಿಯಿಂದ ಕಾಣೆಯಾಯಿತೆಂಬ ಲೆಕ್ಕವಿರುವುದು ಸಂಡೂರು, ಹೊಸಪೇಟೆ, ಕಂಪ್ಲಿ ಸೀಮೆಯ ಸರ್ಕಾರಿ ಶಾಲೆಗಳ ದಾಖಲಾತಿ ವಹಿ ಮತ್ತು ಹಾಜರಿ ಪುಸ್ತಕಗಳಲ್ಲಿ. ನದಿಯ ಆಚೆ ದಡದ ಹಳೆಯ ಶಾಲೆಗಳ ವಹಿಗಳಿಗೆ 1947–48ರ ಮಟ್ಟಿಗೆ ಇದೇ ಮೌಲ್ಯವಿದೆ. ಶಿಲಾಶಾಸನಗಳನ್ನು ಹುಡುಕಿ ಓದಿ ಸಂರಕ್ಷಿಸಿದ ಸಂಶೋಧನಾ ಪರಂಪರೆಯು ಗೆದ್ದಲು ಹಿಡಿಯುವ ಮುನ್ನ ಈ ವಹಿಗಳತ್ತಲೂ ಗಮನ ಹರಿಸುವುದು ಅತ್ಯಗತ್ಯ. ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಜಿಲ್ಲೆಯ ಶಿಕ್ಷಣ ಇಲಾಖೆಯೂ ಕೂಡಿ ಅವುಗಳನ್ನು ಸಂಗ್ರಹಿಸಿದಲ್ಲಿ ಈ ಸೀಮೆಯ ಚರಿತ್ರೆಯಲ್ಲಿ ಮಕ್ಕಳಿಗೂ ಸ್ಥಾನ ದೊರೆಯುವುದು. ಪುನಶ್ಚೇತನದ ನಿಧಿ ಮೊದಲು ಯಾವ ಊರಿನ ದಾರಿಗೆ ಸಲ್ಲಬೇಕೆಂಬುದೂ ಅದರಿಂದಲೇ ತಿಳಿಯುವುದು.